ಎಸಿಎಸ್ಸೋ, ಆರ್‌ಎಸ್‌ಸಿಯೋ: ರಸಾಯನಶಾಸ್ತ್ರದ ಪ್ರಾಜೆಕ್ಟ್‌ಗೆ ಯಾವ ಉಲ್ಲೇಖ ಶೈಲಿ?

ಕಾಫಿಯ ಕೆಫೀನ್ ಇರಲಿ, ಕಾಳುಮೆಣಸಿನ ಪೈಪರಿನ್ ಇರಲಿ, ಮಡಿಕೇರಿ, ವಿರಾಜಪೇಟೆ ಕಡೆಯ ಎಂಎಸ್ಸಿ ವಿದ್ಯಾರ್ಥಿಗಳು ವರದಿ ಬರೆಯುವಾಗ ಸಾಮಾನ್ಯವಾಗಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಶೈಲಿ (ಎಸಿಎಸ್), ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಶೈಲಿ (ಆರ್‌ಎಸ್‌ಸಿ) ಈ ಎರಡರಲ್ಲೊಂದನ್ನು ಆರಿಸಬೇಕಾಗುತ್ತದೆ.

ಎಸಿಎಸ್‌ನಲ್ಲಿ ಉಪನಾಮ ಮೊದಲು, ಇನಿಷಿಯಲ್ ಆಮೇಲೆ. ಲೇಖಕರ ನಡುವೆ ಅರ್ಧವಿರಾಮ. ವರ್ಷ ದಪ್ಪಕ್ಷರದಲ್ಲಿ, ಸಂಪುಟ ಓರೆಯಕ್ಷರದಲ್ಲಿ. ಆರ್‌ಎಸ್‌ಸಿಯಲ್ಲಿ ಇನಿಷಿಯಲ್ ಮೊದಲು, ಲೇಖಕರ ನಡುವೆ ಅಲ್ಪವಿರಾಮ. ವರ್ಷ ಸಾದಾ, ಸಂಪುಟವೇ ದಪ್ಪ. ಒಂದರಿಂದ ಇನ್ನೊಂದಕ್ಕೆ ಕೈಯಾರೆ ಬದಲಿಸುವವರು ಎಡವುವುದು ಈ ದಪ್ಪಕ್ಷರದಲ್ಲೇ. ಎರಡರಲ್ಲೂ ಪತ್ರಿಕೆಯ ಹೆಸರು ಸಂಕ್ಷಿಪ್ತ, ಓರೆ.

ಕೊಡವ ಹೆಸರುಗಳಲ್ಲಿ ಮನೆ ಹೆಸರು ಮುಂದೆ ಬರುವುದರಿಂದ ಉಲ್ಲೇಖಗಳನ್ನು ಜೋಡಿಸಿಕೊಡುವ ಜೊಟೆರೊದಂಥ ತಂತ್ರಾಂಶ ಕೊನೆಯ ಪದವನ್ನೇ ಉಪನಾಮ ಎಂದುಕೊಳ್ಳಬಹುದು. ಲೇಖನದಲ್ಲಿ ಅಚ್ಚಾದ ಹೆಸರು ನೋಡಿ, ಉಪನಾಮದ ಖಾನೆಯನ್ನು ನೀವೇ ತಿದ್ದಿ. ತಂತ್ರಾಂಶವನ್ನು ಪೂರ್ತಿ ನಂಬಬೇಡಿ: ಶೀರ್ಷಿಕೆಯಲ್ಲಿನ ಕೆಳಬರಹದ ಅಂಕಿಗಳೂ ಆಮದಾಗುವಾಗ ಕಳೆದುಹೋಗಬಹುದು.

ಪಠ್ಯದೊಳಗೆ ಆರ್‌ಎಸ್‌ಸಿ ಬಳಸುವುದು ಮೇಲ್ಬರಹದ ಅಂಕಿ. ‘5 ಸೆಂ.ಮೀ.’ ಪಕ್ಕ ಉಲ್ಲೇಖದ ³ ಬಿದ್ದರೆ ಉದ್ದ ಹೋಗಿ ಘನ ಅಳತೆಯಾಯಿತು! ಅಂಕಿಯನ್ನು ಲೇಖಕರ ಹೆಸರಿನ ಪಕ್ಕಕ್ಕೆ ಸರಿಸಿ. ಎಸಿಎಸ್‌ನಲ್ಲಾದರೆ ಆವರಣದೊಳಗಿನ ಓರೆ ಅಂಕಿ, ಲೇಖಕ–ವರ್ಷ ಎಂಬ ದಾರಿಗಳೂ ಇವೆ. ಅಳತೆ, ಸೂತ್ರ ತುಂಬಿದ ವರದಿಗೆ ಅದೇ ವಾಸಿ.

ವಿಭಾಗ ಏನನ್ನೂ ಸೂಚಿಸದಿದ್ದರೆ ಎಸಿಎಸ್ ಹಿಡಿಯಿರಿ. ಅದು ಲೇಖನದ ಶೀರ್ಷಿಕೆಯನ್ನೂ ಕೊಡುವುದರಿಂದ ಮಾರ್ಗದರ್ಶಕರಿಗೆ ಮೂಲ ಹುಡುಕುವುದು ಸುಲಭ. ಆರ್‌ಎಸ್‌ಸಿ ಪತ್ರಿಕೆಗೇ ಕಳಿಸುವುದಾದರೆ ಮಾತ್ರ ಎರಡನೆಯದು.