ಹಳದಿ ಪಂಪಿನ ಹಾವು ಕಡಿತದ ಕಿಟ್: 5ಕ್ಕೆ 1 ಅಂಕ

ಕಪ್ಪತಗುಡ್ಡ ಹತ್ತುವವರ, ಧಾರವಾಡ ಸುತ್ತಲಿನ ಕಾಡುದಾರಿಗಳಲ್ಲಿ ಸೈಕಲ್ ಹೊಡೆಯುವವರ ಬ್ಯಾಗಿಗೆಂದು ಮಾರುವ ಕಿಟ್ ಇದು. ಡಬ್ಬಿಯೊಳಗೆ ಸಿರಿಂಜಿನಂಥ ಹೀರುವ ಪಂಪ್, ಅದರ ಬಾಯಿಗೆ ಹಾಕುವ ಬಟ್ಟಲುಗಳು, ರಬ್ಬರ್ ಪಟ್ಟಿ, ಬ್ಲೇಡ್, ಸ್ಪಿರಿಟ್ ಹತ್ತಿ. ಪಂಪ್ ಗಟ್ಟಿಮುಟ್ಟಾಗಿದೆ, ಜೋರಾಗಿಯೇ ಎಳೆಯುತ್ತದೆ. ಆದರೆ ಬರುವುದು ರಕ್ತ, ರಸಿಕೆ, ವಿಷವಲ್ಲ. ಹಾವಿನ ಹಲ್ಲು ಸೂಜಿಯಂತೆ ಒಳಗೆ ಇಳಿದು ವಿಷ ಬಿಟ್ಟಿರುತ್ತದೆ, ಮೇಲಿಂದ ಹೀರಿದರೆ ಚರ್ಮ ಜಜ್ಜುತ್ತದೆ ಅಷ್ಟೆ.

ಬ್ಲೇಡ್, ರಬ್ಬರ್ ಪಟ್ಟಿ ಇನ್ನೂ ಅಪಾಯ. ಕೊಳಕು ಮಂಡಲ, ಗರಗಸ ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಕೊಯ್ದರೆ ಸೋರಿಕೆ ನಿಲ್ಲದು. ಬಿಗಿದರೆ ಮಾಂಸ ಕೊಳೆತು ಕಾಲಿಗೇ ಕುತ್ತು. ನಾಗರ, ಕಟ್ಟುಹಾವಿನ ಕಡಿತದಲ್ಲಿ ಪಟ್ಟಿಯನ್ನು ಒಮ್ಮೆಲೇ ಬಿಚ್ಚಿದರೆ ತಡೆದಿದ್ದ ವಿಷ ನುಗ್ಗಿ ಉಸಿರು ನಿಲ್ಲಬಹುದು. ಯಾರಾದರೂ ಆಗಲೇ ಬಿಗಿದಿದ್ದರೆ ಡಾಕ್ಟರ್ ಎದುರೇ ಬಿಚ್ಚಿಸಿ.

ಈ ದುಡ್ಡಿಗೆ ಮೆಡಿಕಲ್ ಶಾಪಿನಲ್ಲಿ 10 ಸೆಂ.ಮೀ. ಅಗಲದ ಎರಡು ಕ್ರೇಪ್ ಬ್ಯಾಂಡೇಜ್ ಕೊಳ್ಳಿ, ಜೊತೆಗೆ ಬಿದಿರಿನ ದಬ್ಬೆ, ಒಂದು ಪೆನ್ನು. ಕಾಲಿಗೆ ಕಡಿದರೆ ಕೂಡಲೇ ಮಲಗಿಸಿ. ಕಾಲುಂಗುರ, ಗೆಜ್ಜೆ ತೆಗೆಯಿರಿ. ಬಾವು ಬಂದ ಮೇಲೆ ಅವೇ ಉರುಳಾಗುತ್ತವೆ. ಗಾಯ ತೊಳೆಯಬೇಡಿ, ಉಜ್ಜಬೇಡಿ. ಮೂಳೆ ಮುರಿದವರಿಗೆ ಕಟ್ಟುವಂತೆ ಪಾದದಿಂದ ತೊಡೆಯವರೆಗೆ ದಬ್ಬೆ ಇಟ್ಟು ಸುತ್ತಿ. ಬ್ಯಾಂಡೇಜ್ ದಬ್ಬೆ ಹಿಡಿಯಲಿಕ್ಕೆ ಮಾತ್ರ: ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಬಾವಿನ ಅಂಚಿಗೆ ಗೆರೆ ಎಳೆದು ಗಂಟೆ ಬರೆಯಿರಿ, ಡಾಕ್ಟರಿಗೆ ಇದು ಬಹಳ ಉಪಯೋಗ. ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ; ರಕ್ತಸ್ರಾವ ಹೆಚ್ಚುತ್ತದೆ. ನಡೆಸಬೇಡಿ, ಸ್ನಾಯು ಆಡಿದಷ್ಟೂ ವಿಷ ಬೇಗ ಏರುತ್ತದೆ. ಬೈಕ್ ಒಂದೇ ಇದ್ದರೆ ಇಬ್ಬರ ನಡುವೆ ಕೂರಿಸಿ. ವಾಂತಿಯಾದರೆ ಎಡಮಗ್ಗುಲಿಗೆ ಹೊರಳಿಸಿ.

108ಕ್ಕೆ ಫೋನ್ ಮಾಡಿ. ಕಪ್ಪತಗುಡ್ಡದಿಂದ ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಜಿಮ್ಸ್ ಎಂದೇ ಪರಿಚಿತ), ಧಾರವಾಡದ ಕಡೆಯಿಂದ ಜಿಲ್ಲಾಸ್ಪತ್ರೆ ಅಥವಾ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್). ಹತ್ತಿರದ ದವಾಖಾನೆಗೆ ಹೋಗುವುದಾದರೆ ವಿಷನಿರೋಧಕ ಚುಚ್ಚುಮದ್ದು ಇದೆಯೇ ಎಂದು ಮೊದಲೇ ಕೇಳಿ. ಅಲ್ಲಿ ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುತ್ತದೋ ನೋಡುತ್ತಾರೆ. ಚುಚ್ಚುಮದ್ದು ಬೇಕಾದರೆ ಸಾಮಾನ್ಯವಾಗಿ 8ರಿಂದ 10 ಸಣ್ಣ ಬಾಟಲಿಯಿಂದ ಶುರು. ಈ ಮದ್ದನ್ನೇ ಕಿಟ್ಟಿನಲ್ಲಿ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಇದರಿಂದ ತೀವ್ರ ಅಲರ್ಜಿ ಆಗಬಹುದು, ಪಕ್ಕದಲ್ಲಿ ಆ ಅಲರ್ಜಿಗೆ ಕೊಡುವ ಅಡ್ರಿನಲಿನ್ ಮದ್ದು ಹಿಡಿದ ಡಾಕ್ಟರ್ ಇರಲೇಬೇಕು.

ಟೆಂಟಿನಲ್ಲಿ ಮಲಗುವವರಿಗೆ ಇನ್ನೊಂದು ಮಾತು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು, ಬಾವು, ಕೆಲವೊಮ್ಮೆ ಗುರುತೂ ಇರುವುದಿಲ್ಲ. ಬೆಳಗ್ಗೆ ಹೊಟ್ಟೆನೋವು, ಜೋತುಬೀಳುವ ರೆಪ್ಪೆ, ನುಂಗಲು ಕಷ್ಟ ಕಂಡರೆ ಗಾಯ ಹುಡುಕುತ್ತ ಕೂರದೆ ಹೊರಡಿ.