‘ಡಿಸ್ಕ್ ಪಾಸ್ ಆಗಿದೆ’ ಅಂದರೆ ಅಲ್ಲಿಗೇ ಬಿಡಬೇಡಿ

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆ ಯಕ್ಷಗಾನ ಕೂಟಗಳನ್ನು ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡವರು ದಯವಿಟ್ಟು ಓದಿ. ನಮ್ಮ ಸಂಘದ ತಾಳಮದ್ದಳೆಗಳೆಲ್ಲ ಹೋದವು. ಡಿಸ್ಕ್ ಕೆಡಲು ಶುರುವಾಗಿತ್ತು, ನಿಜ. ಆದರೆ ಎಲ್ಲವನ್ನೂ ಅಳಿಸಿಹಾಕಿದ್ದು ರಿಪೇರಿ.

ಮಳೆಗಾಲದಲ್ಲಿ ಕಂಪ್ಯೂಟರ್ ತುಂಬಾ ನಿಧಾನವಾಯಿತು. ಕೆಲವು ಫೈಲ್‌ಗಳಲ್ಲಿ ಭಾಗವತರ ಪದ ಅರ್ಧಕ್ಕೇ ನಿಲ್ಲುತ್ತಿತ್ತು. ಸಂಘದ ಹುಡುಗನೊಬ್ಬ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ ನೋಡಿದ, ಎಚ್ಚರಿಕೆಯ ಹಳದಿ ಬಣ್ಣ ಬಂತು. ಆ ಫೋಟೋ ಸಮೇತ ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಕೊಟ್ಟರು. ಅಲ್ಲಿಯವರು ಫೋಟೋ ನೋಡಲೇ ಇಲ್ಲ. ಬಯೋಸ್ (ವಿಂಡೋಸ್ ಶುರುವಾಗುವ ಮೊದಲೇ ಓಡುವ ಸಾಫ್ಟ್‌ವೇರ್) ಪರೀಕ್ಷೆ ಮಾಡಿ, ‘ಸ್ಮಾರ್ಟ್ ಪಾಸ್, ಇದು ವಿಂಡೋಸ್ ಸಮಸ್ಯೆ’ ಅಂದರು. ವಿಂಡೋಸ್‌ನದೇ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಿದರು. ಅದು ಮುಗಿಯದಿದ್ದಾಗ ಯಾರನ್ನೂ ಕೇಳದೆ ಫುಲ್ ಫಾರ್ಮ್ಯಾಟ್ ಹೊಡೆದರು.

ಸ್ಮಾರ್ಟ್ ಅಂದರೆ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವ ವ್ಯವಸ್ಥೆ. ಅದರ ಈ ‘ಪಾಸ್’ ಏನು ಗೊತ್ತಾ? ಡಿಸ್ಕಿನ ಒಂದೊಂದು ಗುಣಕ್ಕೂ ಒಂದು ಅಂಕ ಇರುತ್ತದೆ. ಕಂಪನಿ ಇಟ್ಟ ಗೆರೆಯ ತನಕ ಅದು ಇಳಿದರೆ ಮಾತ್ರ ಫೇಲ್. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ಸಣ್ಣ ತುಂಡುಗಳ) ಲೆಕ್ಕ ಸಿ5 ಸಾಲಿನಲ್ಲಿ ಇರುತ್ತದೆ. ಎಷ್ಟೋ ಡಿಸ್ಕ್‌ಗಳಲ್ಲಿ ಆ ಸಾಲಿನ ಗೆರೆ ಸೊನ್ನೆ! ಪಾಸ್ ಮಾರ್ಕು ಸೊನ್ನೆ ಇಟ್ಟರೆ ಪರೀಕ್ಷೆಯಲ್ಲಿ ಯಾರು ಫೇಲ್ ಆಗುತ್ತಾರೆ?

ಹಾಗಾಗಿ ಕಚ್ಚಾ ಸಂಖ್ಯೆಗಳನ್ನೇ ನೋಡಿ. 05 (ಕೈಬಿಟ್ಟು ಮೀಸಲು ಜಾಗಕ್ಕೆ ಬದಲಿಸಿದ ಸೆಕ್ಟರ್‌ಗಳು), ಸಿ5, ಸಿ6 (ಸರಿಪಡಿಸಲಾಗದ ಸೆಕ್ಟರ್‌ಗಳು), ಈ ಮೂರು ಸಾಲು ಸಾಕು. ಸೊನ್ನೆ ಬಿಟ್ಟು ಬೇರೆ ಏನಿದ್ದರೂ ಅವತ್ತೇ ಕಾಪಿ ತೆಗೆಯಿರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮಾಮೂಲಾಗಿ ಸಂಖ್ಯೆಯನ್ನು ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ತೋರಿಸುತ್ತದೆ, 10 ಅಂತ ಕಂಡರೆ ಅದು 16. (ಡೇಟಾ ಸಾಗಿಸುವಾಗ ಆದ ತಪ್ಪುಗಳ ಲೆಕ್ಕವಾದ ಸಿ7 ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಕೇಬಲ್ ದೋಷ. ಹೊಸ ಡಿಸ್ಕ್ ಮಾರಲು ಬಂದವರಿಗೆ ಇದನ್ನು ಹೇಳಿ.)

ನನಗೆ ಜಾಸ್ತಿ ಸಿಟ್ಟು ಬಂದದ್ದು ಆಮೇಲಿನ ಮಾತಿಗೆ. ‘ನೋಡಿ, ಈಗ ಸಿ5 ಸೊನ್ನೆ, ನಾವು ಸರಿಮಾಡಿದೆವು’ ಅಂತ ಅಂಗಡಿಯವರು ಪರದೆ ತೋರಿಸಿದರು. ಸೊನ್ನೆ ಆಗದೆ ಇನ್ನೇನು? ಫುಲ್ ಫಾರ್ಮ್ಯಾಟ್ ಡಿಸ್ಕಿನ ತುಂಬಾ ಸೊನ್ನೆ ಬರೆಯುತ್ತದೆ. ಬಾಕಿ ಸೆಕ್ಟರ್ ಮೇಲೆ ಬರೆದದ್ದು ಸರಿಯಾಗಿ ನಿಂತರೆ ಅದು ಬಾಕಿ ಲೆಕ್ಕದಿಂದ ಹೊರಬೀಳುತ್ತದೆ, ನಿಲ್ಲದಿದ್ದರೆ ಡಿಸ್ಕ್ ಅದನ್ನು ಕೈಬಿಟ್ಟು ಮೀಸಲು ಜಾಗ ಬಳಸುತ್ತದೆ. ಆಗ ಲೆಕ್ಕ ಸಿ5ನಿಂದ 05ಕ್ಕೆ ದಾಟುತ್ತದೆ. ನಮ್ಮ 05 ಏರಿ ಕೂತಿತ್ತು, ಅದನ್ನು ಅವರು ತೋರಿಸಲಿಲ್ಲ. ಸೊನ್ನೆ ಬರೆದ ಮೇಲೆ ಮಂಗಳೂರಿಗೆ ಒಯ್ದರೂ ಬೆಂಗಳೂರಿಗೆ ಒಯ್ದರೂ ಏನೂ ಸಿಗುವುದಿಲ್ಲ.

ಹಸಿರು ಬಣ್ಣ ಕಂಡರೂ ನಿಶ್ಚಿಂತೆ ಬೇಡ. ಗೂಗಲ್‌ನವರು ತಮ್ಮ ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ವರದಿ ಕೊಟ್ಟರು. ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 36ಕ್ಕೂ ಹೆಚ್ಚಿನವು, ಬಿಸಿಯ ಲೆಕ್ಕ ಬಿಟ್ಟರೆ, ಸ್ಮಾರ್ಟ್‌ನಲ್ಲಿ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಇನ್ನು ಡಿಸ್ಕನ್ನು ಹೊರಗಿನಿಂದ ಜೋಡಿಸುವ ಕೆಲವು ಯುಎಸ್‌ಬಿ ಪೆಟ್ಟಿಗೆಗಳು ಈ ಸ್ಮಾರ್ಟ್ ಮಾಹಿತಿಯನ್ನು ಹೊರಗೇ ಬಿಡುವುದಿಲ್ಲ.

ಡಿಸ್ಕ್ ತಡವರಿಸಲು ಶುರುಮಾಡಿದರೆ ಚೆಕ್‌ಡಿಸ್ಕ್ ಬೇಡ. ಮೊದಲು ಡಿಡಿರೆಸ್ಕ್ಯೂ ಎಂಬ ನಕಲು ತೆಗೆಯುವ ಸಾಫ್ಟ್‌ವೇರ್ ಬಳಸಿ ಬೇರೆ ಡಿಸ್ಕಿಗೆ ಪೂರ್ತಿ ನಕಲು ತೆಗೆಸಿ. ಅದು ಓದಲು ಬರುವ ಭಾಗವನ್ನು ಮೊದಲು ತೆಗೆದು, ಹಟ ಮಾಡುವ ಭಾಗಕ್ಕೆ ಆಮೇಲೆ ಬರುತ್ತದೆ. ಟಕ್ ಟಕ್ ಸದ್ದು ಬಂದರೆ ಅದೂ ಬೇಡ, ಕರೆಂಟು ತೆಗೆದಿಡಿ.

ಅಂಗಡಿಗೆ ಕೊಡಲೇಬೇಕಾದರೆ ಬಿಲ್ಲಿನ ಮೇಲೆಯೇ ‘ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಅಂತ ಬರೆಸಿ, ಸಹಿ ಹಾಕಿಸಿ. ನಮ್ಮ ಬಿಲ್ಲಿನಲ್ಲಿ ಇದ್ದದ್ದು ‘ಡೇಟಾಕ್ಕೆ ನಾವು ಜವಾಬ್ದಾರರಲ್ಲ’ ಅನ್ನುವ ಅಚ್ಚು ಮಾತ್ರ.