ಹಾಲಿಲ್ದ ಟೀ, ಕಮ್ಮಿ ಕ್ಯಾಲೊರಿ ಟೀ: ಸೋಯಾ, ಓಟ್ಸ್, ಬಾದಾಮಿ, ಶೇಂಗಾ ಎಲ್ಲಾ ಹಾಕಿ ಕುಡ್ದು ನೋಡಿದ್ದು

ಟೀಗೆ ಹಾಲಿನ ಬದ್ಲಿ ಏನು ಹಾಕ್ಲಿ ಅಂತ ಕೇಳೋರಲ್ಲಿ ಎರಡು ಥರ ಇರ್ತಾರೆ ನೋಡ್ರಿ. ತೂಕ ಇಳಿಸ್ಬೇಕು ಅನ್ನೋರು ಒಂದು ಕಡೆ, ಹಾಲು ಹೊಟ್ಟೆಗೆ ಆಗಲ್ಲ ಇಲ್ಲಾ ಹಾಲೇ ಬೇಡ ಅನ್ನೋರು ಇನ್ನೊಂದು ಕಡೆ. ಇಬ್ರಿಗೂ ಉತ್ತರ ಬೇರೆ ಬೇರೆ, ಆದ್ರೆ ಅಂಗಡೀಲಿ ಇಬ್ರ ಕೈಗೂ ಅದೇ ಡಬ್ಬ ಕೊಟ್ಟು ಕಳಿಸ್ತಾರೆ. ನಂದು ಎರಡೂ ಕೇಸು. ದಾವಣಗೆರೆ ಮಂಡಿಪೇಟೇಲಿ ಅಂಗಡಿ ಇಟ್ಕೊಂಡು ಕೂತ್ರೆ ಬಂದ ಗಿರಾಕಿಗೆ ಟೀ ತರಿಸ್ಬೇಕು, ತರಿಸಿದ್ಮೇಲೆ ಜೊತೆಗೆ ನಾವೂ ಕುಡೀಬೇಕು, ಇಲ್ಲಾಂದ್ರೆ ಅವ್ರು ಲೋಟ ಮುಟ್ಟಲ್ಲ, ಹಿಂಗಾಗಿ ಸಂಜೆ ಹೊತ್ತಿಗೆ ಹೊಟ್ಟೆ ಉಬ್ಬರ, ಅದ್ರ ಮೇಲೆ ಡಾಕ್ಟ್ರು ಬೇರೆ ತೂಕ ಇಳಿಸ್ರಿ ಅಂದ್ರು.

ಮೊದ್ಲು ತೂಕದ ಲೆಕ್ಕ ನೋಡೋಣ, ಯಾಕಂದ್ರೆ ಇಲ್ಲೇ ಎಲ್ರೂ ದುಡ್ಡು ಕಳ್ಕೊಳ್ಳೋದು. ಮನೇಲಿ ಒಂದು ಸಣ್ಣ ಲೋಟ ಟೀಗೆ ಹಾಲು ಬೀಳೋದು ಹೆಚ್ಚೂಕಮ್ಮಿ 50 ಎಂ.ಎಲ್. ನಮ್ಮನೆಗೆ ಬರೋದು ನಂದಿನಿ ನೀಲಿ ಪ್ಯಾಕೆಟ್, ಟೋನ್ಡ್ ಹಾಲು, 3% ಫ್ಯಾಟು, 100 ಎಂ.ಎಲ್.ಗೆ ಸುಮಾರು 60 ಕ್ಯಾಲೊರಿ. ಅಂದ್ರೆ ಒಂದು ಲೋಟ ಟೀಗೆ ಹಾಲಿಂದ ಬರೋದು 30. ಎರಡು ಚಮಚ ಸಕ್ಕರೆ ಹಾಕಿದ್ರೆ ಅದ್ರಿಂದ್ಲೇ 40, ಚಮಚಕ್ಕೆ 20ರಂತೆ. ಈಗ ನೀವು ದುಬಾರಿ ಬಾದಾಮಿ ಡಬ್ಬ ತಂದು ಹಾಲು ಪೂರ್ತಿ ಬಿಟ್ರೂ ಉಳಿಯೋದು ಲೋಟಕ್ಕೆ 20 ಕ್ಯಾಲೊರಿ ಆಜುಬಾಜು, ಅದು ಒಂದು ಚಮಚ ಸಕ್ಕರೆ ಬಿಟ್ರೂ ಉಳಿಯುತ್ತೆ, ಪುಕ್ಸಟ್ಟೆ. 6% ಫ್ಯಾಟಿನ ಫುಲ್ ಕ್ರೀಮ್ ಹಾಲಲ್ಲಿ ಟೀ ಮಾಡ್ತಿದ್ದೋರು ಡಬಲ್ ಟೋನ್ಡ್‌ಗೆ ಬಂದ್ರೆ ಫರಕು ಗೊತ್ತಾಗುತ್ತೆ, ಅದ್ರಲ್ಲಿ ಫ್ಯಾಟು 1.5% ಅಷ್ಟೇ. ಅದು ಸಿಗ್ಲಿಲ್ಲ ಅಂದ್ರೆ ನೀಲಿ ಪ್ಯಾಕೆಟ್ಟೇ ಕಾಯಿಸಿ, ಆರಿಸಿ, ಫ್ರಿಡ್ಜಲ್ಲಿಟ್ಟು ಮೇಲಿನ ಕೆನೆ ತೆಗೆದು ಟೀ ಮಾಡ್ರಿ. (ಹಂಗೆ ತೆಗೆದ ಕೆನೆ ಕೂಡಿಟ್ಟು ಬೆಣ್ಣೆ ಮಾಡಿ ಭಾನುವಾರ ದೋಸೆಗೆ ಹಚ್ಕೊಂಡು ತಿನ್ನೋದು ದಾವಣಗೆರೆಯೋರ ಡಯಟ್ಟು, ಅದ್ರ ಬಗ್ಗೆ ನಾನೇನೂ ಹೇಳಲ್ಲ.)

ಇನ್ನು ಹೊಟ್ಟೆ ವಿಷ್ಯ. ಹಾಲಲ್ಲಿರೋ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಅರಗಿಸೋ ಎಂಜೈಮು ಬಾಳ ಜನಕ್ಕೆ ವಯಸ್ಸಾಗ್ತಾ ಕಮ್ಮಿ ಆಗುತ್ತೆ. ಆದ್ರೆ ಒಂದು ಲೋಟ ಟೀ ಹಾಲಲ್ಲಿ ಲ್ಯಾಕ್ಟೋಸು ಎರಡೂವರೆ ಗ್ರಾಂ ಇದ್ರೆ ಹೆಚ್ಚು, ತೊಂದ್ರೆ ಇರೋರಲ್ಲೂ ಬಾಳ ಜನ ಒಂದು ಸಲಕ್ಕೆ 12 ಗ್ರಾಂ ತನಕ ತಡ್ಕೊಳ್ತಾರೆ. ಹಂಗಾಗಿ ದಿನಕ್ಕೆರಡು ಟೀ ಕುಡಿದು ಹಾಲಿನ ಮೇಲೆ ಗೂಬೆ ಕೂರಿಸೋದಕ್ಕಿಂತ ಮುಂಚೆ, ಟೀ ಜೊತೆ ತಿಂದ ಮೆಣಸಿನಕಾಯಿ ಮಂಡಕ್ಕಿ ಕಡೆ ಒಂದ್ಸಲ ನೋಡ್ರಿ. ನನ್ನಂಗೆ ದಿನವಿಡೀ ಕುಡಿಯೋರದ್ದು ಬೇರೆ ಮಾತು.

ಲ್ಯಾಕ್ಟೋಸ್ ಇಲ್ದ ಹಾಲು ಅಂತಾನೇ ಡಬ್ಬದಲ್ಲಿ ಬರುತ್ತೆ, ಅಮುಲ್‌ದು ಸಿಗುತ್ತೆ. ರುಚಿ ವಿಷ್ಯದಲ್ಲಿ ಇದಕ್ಕೆ ಸಮ ಯಾವ್ದೂ ಇಲ್ಲ, ಯಾಕಂದ್ರೆ ಇದು ಹಾಲೇ, ಎಂಜೈಮು ಹಾಕಿ ಲ್ಯಾಕ್ಟೋಸನ್ನ ಮೊದ್ಲೇ ಒಡೆದಿರ್ತಾರೆ ಅಷ್ಟೇ. ಒಡೆದ ಸಕ್ಕರೆ ನಾಲಿಗೆಗೆ ಜಾಸ್ತಿ ಸಿಹಿ, ಹಂಗಾಗಿ ಸಕ್ಕರೆ ಸ್ವಲ್ಪ ಕಮ್ಮಿ ಹಾಕಿದ್ರೂ ನಡೆಯುತ್ತೆ. ಕ್ಯಾಲೊರಿ ಮಾತ್ರ ಮಾಮೂಲಿ ಹಾಲಿನಷ್ಟೇ, ಶುಗರ್ ಇರೋರಿಗೂ ಇದ್ರಿಂದ ಏನೂ ಲಾಭ ಇಲ್ಲ. ಹಾಲಿನ ಅಲರ್ಜಿ ಇರೋರಂತೂ ಇದನ್ನ ಮುಟ್ಲೇಬಾರ್ದು, ಅಲರ್ಜಿ ಬರೋದು ಹಾಲಿನ ಪ್ರೋಟೀನಿಂದ, ಅದು ಇದ್ರಲ್ಲಿ ಪೂರ್ತಿ ಇರುತ್ತೆ.

ಈಗ ಸೋಯಾ. ಇದ್ರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಮೊದ್ಲು ಎಲ್ರೂ ತರೋದು ಇದನ್ನೇ, ಬಿಟ್ಟುಬಿಡೋದೂ ಇದನ್ನೇ. ನಮ್ಮನೆಯಾಕೆ ಮಾಮೂಲಿ ಥರಾನೇ ನೀರಿಗೆ ಟೀ ಪುಡಿ, ಶುಂಠಿ, ಬೆಲ್ಲ ಹಾಕಿ ಕುದಿಯೋವಾಗ್ಲೇ ಸೋಯಾ ಹಾಲು ಸುರಿದ್ಲು, ಎರಡು ನಿಮಿಷಕ್ಕೆ ಪಾತ್ರೇಲಿ ಬಿಳಿ ಚೂರು ಬೇರೆ, ಕಂದು ನೀರು ಬೇರೆ. "ಇದು ಕೆಟ್ಟೈತ್ರೀ, ವಾಪಸ್ ಕೊಟ್ಟು ಬರ್ರಿ" ಅಂದ್ಲು. ಕೆಟ್ಟಿರ್ಲಿಲ್ಲ. ಟೀ ಡಿಕಾಕ್ಷನ್ನು ಸ್ವಲ್ಪ ಹುಳಿ ಗುಣದ್ದು, ಹುಳಿಯೂ ಬಿಸಿಯೂ ಒಟ್ಟಿಗೆ ತಾಗಿದ್ರೆ ಸೋಯಾ ಪ್ರೋಟೀನು ಗಟ್ಟಿ ಕಟ್ಟುತ್ತೆ, ಹುಳಿ ಹಾಕಿ ಟೋಫು, ಅಂದ್ರೆ ಸೋಯಾ ಪನೀರ್, ಮಾಡೋರೂ ಇದನ್ನೇ ಮಾಡ್ತಾರೆ. ಹಸುವಿನ ಹಾಲು ಅಷ್ಟು ಹುಳಿ ತಡ್ಕೊಳ್ಳುತ್ತೆ, ಸೋಯಾ ತಡ್ಕೊಳ್ಳಲ್ಲ, ಬೆಲ್ಲ ಸೇರಿದ್ರಂತೂ ಮುಗೀತು.

ಇದಕ್ಕೆ ನಮ್ಮನೇಲಿ ನಿಂತಿರೋ ಪದ್ಧತಿ ಹೇಳ್ತೀನಿ. ಶುಂಠಿ, ಟೀ ಪುಡಿ ನೀರಲ್ಲೇ ಚೆನ್ನಾಗಿ ಕುದೀಬೇಕು, ಹಸಿ ಶುಂಠೀಲಿ ಪ್ರೋಟೀನು ಒಡೆಯೋ ಎಂಜೈಮು ಇರುತ್ತೆ, ಕುದಿಸಿದ್ರೆ ಅದು ಸಾಯುತ್ತೆ. ಸೋಯಾನ ಬೇರೆ ಪಾತ್ರೇಲಿ ಬಿಸಿ ಮಾಡ್ಬೇಕು, ಕುದಿಸ್ಬಾರ್ದು. ಒಲೆ ಆರಿಸಿ ಡಿಕಾಕ್ಷನ್ನು ಸೋಸಿ ಒಂದು ನಿಮಿಷ ಬಿಟ್ಟು, ಸೋಯಾ ಇರೋ ಲೋಟಕ್ಕೆ ಸಣ್ಣಗೆ ಬಿಡ್ತಾ ಕಲಿಸ್ಬೇಕು. ಡಿಕಾಕ್ಷನ್ನಿಗೆ ಸೋಯಾ ಸುರಿಯೋದಲ್ಲ, ಸೋಯಾಗೆ ಡಿಕಾಕ್ಷನ್ನು. ಸಕ್ಕರೆ ಹಾಕ್ರಿ, ಬೆಲ್ಲ ಬೇಡ. ಇಷ್ಟು ಮಾಡಿದ್ರೆ ಒಡೆಯಲ್ಲ, ಬಣ್ಣಾನೂ ಚೆನ್ನಾಗಿ ಬರುತ್ತೆ. ಸಿಹಿ ಹಾಕದ ಸೋಯಾ 100 ಎಂ.ಎಲ್.ಗೆ 35ರಿಂದ 45 ಕ್ಯಾಲೊರಿ, ಪ್ರೋಟೀನು 3 ಗ್ರಾಂ ಆಸುಪಾಸು, ಅದ್ರಲ್ಲಿ ಹಾಲಿಗೆ ಹತ್ರ ಬರುತ್ತೆ. ಹಸಿ ಕಾಳಿನ ವಾಸ್ನೆ ಮಾತ್ರ ಪೂರ್ತಿ ಹೋಗಲ್ಲ, ಏಲಕ್ಕಿ ಒಂದು ಜಜ್ಜಿ ಹಾಕಿದ್ರೆ ಮುಚ್ಕೊಳ್ಳುತ್ತೆ.

ಓಟ್ಸ್ ಡಬ್ಬ ತಂದಿದ್ದು ಬೆಂಗ್ಳೂರಲ್ಲಿರೋ ನಮ್ಮಕ್ಕನ ಮಗಳು. ಹಾಲು, ಮೊಸರು, ತುಪ್ಪ ಏನೂ ಮುಟ್ಟಲ್ಲ ಆ ಹುಡುಗಿ. "ಮಾಮ, ಇದನ್ನ ಒಂದ್ಸಲ ಹಾಕಿ ನೋಡು, ಆಮೇಲೆ ಮಾತಾಡು" ಅಂದ್ಲು. ನಿಜ ಹೇಳ್ಬೇಕಂದ್ರೆ ಗಿಡದ ಹಾಲುಗಳಲ್ಲಿ ಟೀಗೆ ಹೊಂದೋದು ಇದೇ, ಅದ್ರಲ್ಲೂ ಬರಿಸ್ತಾ ಅಂತ ಬರೆದಿರೋದು, ಅದಕ್ಕೆ ಎಣ್ಣೆ ಸೇರಿಸಿರ್ತಾರೆ, ಹುಳಿ ತಡೆಯೋಕೆ ಒಂದು ಲವಣಾನೂ ಹಾಕಿರ್ತಾರೆ, ಒಡೆಯಲ್ಲ, ಗಟ್ಟಿಯಾಗಿ ಬರುತ್ತೆ. ಆದ್ರೆ ತೂಕಕ್ಕೆ ಅಂತ ಕುಡಿಯೋರಿಗೆ ಇದಲ್ಲ, ಎಷ್ಟೋ ಡಬ್ಬದಲ್ಲಿ ಕ್ಯಾಲೊರಿ ನೀಲಿ ಪ್ಯಾಕೆಟ್ ಹಾಲಿನ ಹತ್ರಾನೇ ಇರುತ್ತೆ, ಮತ್ತೆ ಸಕ್ಕರೆ ಹಾಕಿಲ್ಲ ಅಂತ ಬರೆದಿದ್ರೂ ಸಿಹಿ ಇರುತ್ತೆ, ಯಾಕಂದ್ರೆ ಓಟ್ಸಿನ ಗಂಜೀನ ಎಂಜೈಮಿಂದ ಒಡೆದಾಗ ಮಾಲ್ಟೋಸ್ ಅನ್ನೋ ಸಕ್ಕರೆ ತಾನೇ ಹುಟ್ಟುತ್ತೆ. ರೇಟೂ ಕೈ ಸುಡುತ್ತೆ. ಮನೇಲೇ ಮಾಡ್ತೀವಿ ಅಂತ ಓಟ್ಸ್ ಮಿಕ್ಸಿಗೆ ಹಾಕ್ಬೇಡ್ರಿ, ಬಿಸಿ ಡಿಕಾಕ್ಷನ್ನು ಬಿದ್ದ ಕೂಡ್ಲೇ ಲೋಳೆ ಲೋಳೆ, ಟೀ ಹೋಗಿ ಅಂಬಲಿ ಕುಡ್ದಂಗಾಗುತ್ತೆ.

ಬಾದಾಮಿದು ಜಲ್ದಿ ಮುಗಿಸ್ತೀನಿ. ಸಿಹಿ ಇಲ್ದ ಡಬ್ಬದಲ್ಲಿ 100 ಎಂ.ಎಲ್.ಗೆ 15-20 ಕ್ಯಾಲೊರಿ, ಎಲ್ಲಕ್ಕಿಂತ ಕಮ್ಮಿ, ಯಾಕಂದ್ರೆ ಒಳಗೆ ಹೆಚ್ಚೂಕಮ್ಮಿ ಪೂರ್ತಿ ನೀರೇ ಇರೋದು. ಟೀನೂ ಹಂಗೇ ಇರುತ್ತೆ, ತೆಳ್ಳಗೆ, ಬೂದು ಬಣ್ಣ. ಇನ್ನೊಂದು, ಬೇಕರಿ ಫ್ರಿಡ್ಜಲ್ಲಿರೋ ಕೇಸರಿ ಬಾದಾಮಿ ಹಾಲಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಹಸುವಿನ ಹಾಲು ಮತ್ತೆ ಸಕ್ಕರೆ. ತೆಂಗಿನ ಹಾಲು ಟೀಗೆ ಬೇಡ್ವೇ ಬೇಡ, ಗಟ್ಟಿ ಹಾಲಲ್ಲಿ 100 ಎಂ.ಎಲ್.ಗೆ 200 ಕ್ಯಾಲೊರಿ ದಾಟುತ್ತೆ, ಮೇಲೆ ಎಣ್ಣೆ ತೇಲುತ್ತೆ, ಹೊಸದುರ್ಗದ ಕಾಯಿ ಎಷ್ಟೇ ಚೆನ್ನಾಗಿದ್ರೂ ಅದು ಸಾರಿಗೇ ಇರ್ಲಿ.

ಟೀಗೆ ಹಾಕೋ ಪುಡಿಗಳದ್ದೂ ಹೇಳ್ಬೇಕು. ಡೇರಿ ವೈಟ್ನರ್ ಅಂದ್ರೆ ಹಾಲಿನ ಪುಡಿಗೆ ಸಕ್ಕರೆ ಸೇರಿಸಿರೋದು, ನಮ್ಮ ಎರಡೂ ಕೆಲಸಕ್ಕೆ ಬರಲ್ಲ. ನಾನ್ ಡೇರಿ ಕ್ರೀಮರ್ ಅಂತ ಬರೆದಿದ್ದ ಡಬ್ಬ ತಿರುಗಿಸಿ ನಮ್ಮ ಹುಡುಗಿ ಓದಿದ್ಲು, ಗ್ಲೂಕೋಸ್ ಸಿರಪ್ಪು, ಪಾಮ್ ಎಣ್ಣೆ, ಆಮೇಲೆ ಸೋಡಿಯಂ ಕೇಸಿನೇಟು. ಆ ಕೇಸಿನೇಟು ಹಾಲಿಂದಾನೇ ತೆಗೆಯೋದು. ಅಲರ್ಜಿ ಇರೋರು ಡಬ್ಬದ ಮುಂದೆ ಬರೆದಿರೋ ಹೆಸರು ನಂಬ್ಕೊಂಡು ತಗೋಬೇಡ್ರಿ.

ನಂಗೆ ಕೊನೆಗೆ ಹಿಡಿಸಿದ್ದು ಶೇಂಗಾ ಹಾಲು, ಇದು ಯಾವ ಅಂಗಡೀಲೂ ಡಬ್ಬದಲ್ಲಿ ನೋಡಿಲ್ಲ. ತಂಗೀನ ಕೊಟ್ಟಿರೋದು ಚಳ್ಳಕೆರೆ ಕಡೆ, ಎಣ್ಣೆ ಮಿಲ್ಲುಗಳ ಊರು, ಸುಗ್ಗಿ ಮುಗಿದ್ರೆ ಒಂದು ಚೀಲ ಶೇಂಗಾ ಬಂದೇ ಬರುತ್ತೆ. ಒಂದು ಲೋಟ ಬೀಜ ರಾತ್ರಿ ನೆನೆಹಾಕಿ, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ನಾಲ್ಕು ಲೋಟ ಬಿಸಿ ನೀರು ಸ್ವಲ್ಪ ಸ್ವಲ್ಪನೇ ಹಾಕ್ತಾ ಮಿಕ್ಸೀಲಿ ನುಣ್ಣಗೆ ರುಬ್ಬಿ, ತೆಳು ಬಟ್ಟೇಲಿ ಹಿಂಡ್ಬೇಕು. ಆಮೇಲೆ ಸಣ್ಣ ಉರೀಲಿ ಕೈ ಬಿಡ್ದೆ ಕಾಯಿಸ್ಬೇಕು, ನೊರೆ ದಬದಬ ಅಂತ ಏರುತ್ತೆ, ಪಕ್ಕಕ್ಕೆ ಹೋದ್ರೆ ಒಲೆ ಪೂರ್ತಿ ಒರೆಸ್ಬೇಕಾಗುತ್ತೆ. ಹಸಿ ವಾಸ್ನೆ ಹೋದ್ರೆ ಆಯ್ತು. ಸೋಯಾದಷ್ಟು ಒಡೆಯೋ ಕಾಟ ಇಲ್ಲ, ಆದ್ರೂ ಡಿಕಾಕ್ಷನ್ನನ್ನ ಹಾಲಿಗೆ ಬಿಡೋ ಪದ್ಧತಿ ಇದಕ್ಕೂ ಒಳ್ಳೇದು. ರುಚಿ ಹಾಲಿನ ಟೀದಲ್ಲ, ಶೇಂಗಾ ಘಮ ಇರುತ್ತೆ, ಖಾರ ಮಂಡಕ್ಕಿ ಜೊತೆಗಂತೂ ಬಾಳ ಚೆನ್ನಾಗಿ ಹೋಗುತ್ತೆ. ಸೋಸಿ ಉಳಿದ ಚರಟಕ್ಕೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಹಾಕಿ ನಮ್ಮವ್ವ ಚಟ್ನಿ ಮಾಡ್ತಾಳೆ. ಕಮ್ಮಿ ಕ್ಯಾಲೊರಿದು ಅಂತ ಮಾತ್ರ ಅನ್ಕೋಬೇಡ್ರಿ, 100 ಗ್ರಾಂ ಶೇಂಗಾದಲ್ಲಿ 560ರ ಮೇಲಿರುತ್ತೆ, ಹಿಂಡಿದ ಹಾಲಿಗೆ ಎಣ್ಣೆನೂ ಇಳಿಯುತ್ತೆ. ಶೇಂಗಾ ಅಲರ್ಜಿ ಇರೋರ ಮನೇಲಿ ಇದರ ಸುದ್ದೀನೇ ಬೇಡ.

ಹಂಗಾಗಿ ಈಗ ಮನೇಲಿ ಬೆಳಿಗ್ಗೆ ಲ್ಯಾಕ್ಟೋಸ್ ಇಲ್ದ ಹಾಲಿನ ಟೀ, ಒಂದೇ ಚಮಚ ಸಕ್ಕರೆ. ಅಕ್ಕನ ಮಗಳು ಬಂದಾಗ ಎಲ್ರಿಗೂ ಶೇಂಗಾ. ಅಂಗಡೀಲಿ ಗಿರಾಕಿ ಜೊತೆ ಕೂತಾಗ ನಿಂಬೆಹಣ್ಣು ಹಿಂಡಿದ ಡಿಕಾಕ್ಷನ್ ಟೀ ತರಿಸ್ತೀನಿ, ಟೀ ಅಂಗಡಿ ಹಾಲು ಬೆಳಿಗ್ಗಿಂದ ಕುದ್ದು ಕುದ್ದು ದಪ್ಪ ಆಗಿರುತ್ತೆ, ಅದಕ್ಕೆ ನನ್ನ ಮೇಲಿನ ಲೆಕ್ಕ ಹೊಂದಲ್ಲ.

ಡಬ್ಬದ್ದು ತರೋರು ಮೊದ್ಲು 200 ಎಂ.ಎಲ್.ದು ಸಿಕ್ರೆ ಅದನ್ನೇ ತಗೊಳ್ರಿ, ಕ್ಯಾಲ್ಶಿಯಂ ಸೇರಿಸಿದ್ರೆ ಅದು ತಳಕ್ಕೆ ಕೂತಿರುತ್ತೆ, ಚೆನ್ನಾಗಿ ಅಲ್ಲಾಡಿಸಿ ಹಾಕ್ರಿ. ಶೇಂಗಾ ಹಾಲು ಫ್ರಿಡ್ಜಲ್ಲಿ ಎರಡು ದಿನದ ಮೇಲೆ ಇಡ್ಬೇಡ್ರಿ, ಹುಳಿ ವಾಸ್ನೆ ಬಂತು ಅಂದ್ರೆ ಚೆಲ್ಬಿಡ್ರಿ.